ಅರಿವಿಲ್ಲದ ದಯೆ



ಕಳೆದ ತಿಂಗಳು ಮನ್ನಾಏಖೇಳ್ಳಿಯ ಕಡೆಯ ತಾಯಿಯೊಬ್ಬರು ನಮಗೊಂದು ಪತ್ರ ಬರೆದಿರುವರು. ಇಷ್ಟಲಿಂಗ ಪೂಜೆಯನ್ನು ಮುಗಿಸಿದ ಮೇಲೆ, ತಾವು ಪ್ರಸಾದ ಸ್ವೀಕರಿಸುವ ಮೊದಲು, ಮನೆಯ ಮುಂದೆ ಬಂದು ನಿಲ್ಲುವ ನಾಲ್ಕಾರು ನಾಯಿಗಳಿಗೆ ರೊಟ್ಟಿ ಹಾಕುವುದು ಅವರು ಅತ್ತೆಯವರಿಂದ ಕಲಿತ ರೂಢಿಯಂತೆ. ಈಗ ಊರಿನ ಪಂಚಾಯಿತಿಯವರು ಬೀದಿನಾಯಿಗಳನ್ನು ಹಿಡಿದೊಯ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮಾತನಾಡುತ್ತಿದ್ದಾರೆ. ಮಕ್ಕಳಿಗೆ ನಾಯಿ ಕಚ್ಚುತ್ತಿರುವುದು ಒಂದು ಕಾರಣ. ಊರ ಹೊರಗಿನ ಗಾಯರಾಣದಲ್ಲಿ ಚಿಗರಿಯ ಮರಿಗಳನ್ನು ನಾಯಿಗಳು ಹಿಂಡುಗೂಡಿ ಕೊಲ್ಲುತ್ತಿರುವುದು ಇನ್ನೊಂದು ಕಾರಣ. ತಾಯಿಯವರ ಪ್ರಶ್ನೆ ಹೀಗಿದೆ: "ನಮ್ಮ ಬಾಗಿಲಿಗೆ ಬಂದ ಮೂಕಪ್ರಾಣಿಗೆ ತುತ್ತು ಹಾಕುವುದು ದಯೆಯೆಂದು ನಂಬಿ ನಡೆದಿದ್ದೇವೆ. ಅದನ್ನೇ ಹಿಡಿದು ಕೊಡುವುದು ಪಾಪವಲ್ಲವೇ? ಚಿಗರಿಯನ್ನು ಉಳಿಸಲೆಂದು ನಾಯಿಯನ್ನು ನೋಯಿಸುವುದು ಶರಣಧರ್ಮಕ್ಕೆ ಒಪ್ಪುವುದೇ?"

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಈ ವಿಷಯದಲ್ಲಿ ನಾವು ದೂರ ನಿಂತು ಉಪದೇಶ ಹೇಳುವ ಅಧಿಕಾರವುಳ್ಳವರೂ ಅಲ್ಲ. ನಮ್ಮ ಕೈಯಿಂದಲೇ ಆದ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದೆ ಸಾಗುವುದು ಉಚಿತವೆಂದು ತೋರುತ್ತದೆ.

ಕೆಲವು ವರುಷಗಳ ಹಿಂದೆ ಈ ಸೀಮೆಯದೇ ಒಂದು ಹಳ್ಳಿಯ ಮಠದಲ್ಲಿ ಶ್ರಾವಣಮಾಸದ ಪ್ರವಚನ ನಡೆಸಿಕೊಡುವ ಹೊಣೆ ನಮ್ಮ ಮೇಲಿತ್ತು. ತಿಂಗಳ ಪರ್ಯಂತ ಸಂಜೆ ಪ್ರವಚನ, ಆನಂತರ ದಾಸೋಹ. ಮಳೆ ಹಿಡಿದ ದಿನ ಜನರು ಕಡಿಮೆ ಬರುವರು. ಅಡುಗೆ ಮಾತ್ರ ಎಂದಿನಷ್ಟೇ ಆಗಿರುವುದು. ಹೀಗೆ ಒಂದೊಂದು ರಾತ್ರಿ ಎರಡು ಮೂರು ಹಂಡೆ ಅನ್ನ, ಹುಗ್ಗಿ, ಪಲ್ಯ ಉಳಿಯುತ್ತಿತ್ತು. ಏನು ಮಾಡಬೇಕೆಂದು ಸೇವೆಯ ಹುಡುಗರು ಕೇಳಿದಾಗ, "ಊರಾಚೆಯ ಹಳ್ಳದ ದಂಡೆಗೆ ಹಾಕಿ ಬನ್ನಿರಿ, ಮೂಕಜೀವಿಗಳು ತಿಂದುಕೊಳ್ಳಲಿ" ಎಂದವರು ನಾವೇ. ಹಾಗೆ ಹೇಳಿದಾಗ ನಮಗೆ ಒಳಗೊಳಗೆ ಸಂತೋಷವೂ ಆಗಿತ್ತು. ಆರಂಭದಲ್ಲಿ ಐದಾರಿದ್ದ ನಾಯಿಗಳು ತಿಂಗಳು ಮುಗಿಯುವ ಹೊತ್ತಿಗೆ ಇಪ್ಪತ್ತನ್ನು ದಾಟಿದ್ದವು. ನೆರೆಯ ಊರುಗಳಿಂದಲೂ ಬಂದು ಸೇರಿದ್ದವು. ಶ್ರಾವಣ ಕಳೆಯಿತು, ಮಂಗಲೋತ್ಸವವಾಯಿತು, ದಾಸೋಹ ನಿಂತಿತು. ಹಳ್ಳದ ದಂಡೆಯ ಅನ್ನವೂ ನಿಂತಿತು. ನಾಯಿಗಳು ಮಾತ್ರ ಅಲ್ಲಿಯೇ ಉಳಿದವು.

ಭಾದ್ರಪದದ ಒಂದು ಬೆಳಗಿನ ಜಾವ ಅದೇ ಹಳ್ಳದ ಆಚೆ ತಿರುಗಾಡಲು ಹೋದಾಗ, ಎದೆಯುದ್ದದ ಹುಲ್ಲಿನಲ್ಲಿ ನಾಯಿಗಳ ಗದ್ದಲ ಕೇಳಿಸಿತು. ಸಮೀಪಿಸಿ ನೋಡಿದರೆ ಹುಟ್ಟಿ ವಾರವೂ ಆಗಿರದ ಚಿಗರಿಯ ಮರಿ. ಅದರ ಸುತ್ತ ಏಳೆಂಟು ನಾಯಿಗಳು. ತಾಯಿಚಿಗರಿ ಕೂಗಳತೆಯ ದೂರದಲ್ಲಿ ನಿಂತು, ಮುಂದೆ ಬರಲಾರದೆ, ಓಡಿಹೋಗಲೂ ಆರದೆ ಸುತ್ತು ಹಾಕುತ್ತಿತ್ತು. ನಾವು ಕೋಲು ಬೀಸಿ ನಾಯಿಗಳನ್ನು ಓಡಿಸುವಷ್ಟರಲ್ಲಿ ಮರಿಯ ಪ್ರಾಣ ಹೋಗಿತ್ತು. ಅಲ್ಲಿಯೇ ಕುರಿ ಮೇಯಿಸುತ್ತಿದ್ದ ಹುಡುಗನನ್ನು "ತೋಳಗಳೂ ಬರುತ್ತವೆಯೇನಪ್ಪಾ?" ಎಂದು ಕೇಳಿದೆವು. ಅವನು ಅಂದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: "ತೋಳ ಬಂದ್ರ ಒಂದು ಒಯ್ತದ ಹೋಗ್ತದರಿ ಅಜ್ಜಾರ. ಇವು ನಿಮ್ಮ ಮಠದ ಅನ್ನ ಉಂಡ ನಾಯಿಗೋಳ್ರಿ. ದಿನಾ ಬರ್ತಾವ."

ಆ ಹುಡುಗನು ಒಂದೇ ಮಾತಿನಲ್ಲಿ ಹೇಳಿದುದನ್ನು ವಿಜ್ಞಾನಿಗಳು ವರುಷಗಟ್ಟಲೆ ಪರಿಶೀಲಿಸಿ ಹೇಳಿರುವರೆಂಬುದು ನಮಗೆ ಆಮೇಲೆ ಓದಿನಿಂದ ತಿಳಿಯಿತು. ಅದನ್ನು ಓದುಗರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುವೆವು.

ಕೃಷ್ಣಮೃಗವು, ಎಂದರೆ ನಮ್ಮ ಚಿಗರಿಯು, ಬಯಲಿನ ಪ್ರಾಣಿ. ದಟ್ಟ ಕಾಡು ಅದಕ್ಕೆ ಬೇಡ. ಬೀದರ ಜಿಲ್ಲೆಯ ಕೆಮ್ಮಣ್ಣಿನ ಬಯಲು, ಎರೆಹೊಲದ ಬದು, ಹುಲ್ಲುಗಾವಲು ಇವೇ ಅದರ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ಅದಕ್ಕಾಗಿಯೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವೊಂದು ಸ್ಥಾಪಿತವಾಯಿತು. ಬೆಳೆದ ಚಿಗರಿಗೆ ಓಟವೇ ರಕ್ಷೆ; ಅದರ ಓಟಕ್ಕೆ ಸಮನಾಗಿ ಓಡಬಲ್ಲ ಪ್ರಾಣಿಗಳು ಕೆಲವೇ. ಎಳೆಯ ಮರಿಗೆ ಆ ಬಲವಿಲ್ಲ. ಆದುದರಿಂದ ತಾಯಿಯು ಹೆತ್ತ ಮೊದಲ ಕೆಲವು ದಿನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಮೇಯುವುದು. ಆಗಾಗ ಬಂದು ಹಾಲೂಡಿಸಿ ಹೋಗುವುದು. ಮರಿಯು ಅಲುಗಾಡದೆ ಮಣ್ಣಿಗೆ ಅಂಟಿಕೊಂಡು ಮಲಗಿರುವುದು. ಒಂಟಿ ತೋಳ ದೂರದಲ್ಲಿ ಹಾದುಹೋದರೆ ಈ ಉಪಾಯ ಬಹುಮಟ್ಟಿಗೆ ಫಲಿಸುವುದು. ಹತ್ತಾರು ನಾಯಿಗಳು ಪ್ರತಿದಿನವೂ ಅದೇ ಹುಲ್ಲನ್ನು ಮೂಸಿ ಮೂಸಿ ಹುಡುಕಿದರೆ, ಅಲುಗಾಡದಿರುವುದೇ ಮರಿಗೆ ಮರಣವಾಗುವುದು.

ಇಲ್ಲಿ ಒಂದು ಸಂದೇಹ ಬರಬಹುದು. ತೋಳವೂ ಕೊಲ್ಲುವುದು, ನಾಯಿಯೂ ಕೊಲ್ಲುವುದು. ತೋಳದ ಬೇಟೆಯನ್ನು ಪ್ರಕೃತಿಯ ನಿಯಮವೆಂದು ಒಪ್ಪುವ ನಾವು ನಾಯಿಯ ಬೇಟೆಯನ್ನು ಏಕೆ ಒಪ್ಪಬಾರದು? ಇದಕ್ಕೆ ಸಮಾಧಾನವು ಎರಡು ಪ್ರಾಣಿಗಳ ಹಸಿವಿನ ಲೆಕ್ಕದಲ್ಲಿದೆ. ತೋಳದ ಸಂಖ್ಯೆಯು ಅದರ ಬೇಟೆಗೆ ಕಟ್ಟುಬಿದ್ದಿರುವುದು. ಚಿಗರಿ ಕಡಿಮೆಯಾದರೆ ತೋಳಕ್ಕೆ ಆಹಾರ ಸಾಲದು, ಮರಿಗಳು ಬದುಕವು, ತೋಳವೂ ಕಡಿಮೆಯಾಗುವುದು. ಆಗ ಚಿಗರಿಗೆ ಮತ್ತೆ ಉಸಿರಾಡಲು ಎಡೆ ಸಿಗುವುದು. ನಾಯಿಯ ಸಂಖ್ಯೆ ಕಟ್ಟುಬಿದ್ದಿರುವುದು ನಮ್ಮ ತಿಪ್ಪೆಗೆ, ಕಲ್ಯಾಣ ಮಂಟಪದ ಹಿತ್ತಿಲಿಗೆ, ಹೆದ್ದಾರಿಯ ಧಾಬಾಗಳ ಕಸಕ್ಕೆ, ಮಾಂಸದಂಗಡಿಯವರು ಎಸೆಯುವ ಉಳಿಕೆಗೆ. ಬಯಲಿನಲ್ಲಿ ಚಿಗರಿ ಒಂದೇ ಒಂದು ಉಳಿದರೂ ಊರಿನಲ್ಲಿ ನಾಯಿಗೆ ಅನ್ನಕ್ಕೆ ಕೊರತೆಯಿಲ್ಲ. ಹೀಗಾಗಿ ಬೇಟೆ ಕಡಿಮೆಯಾದರೂ ಬೇಟೆಗಾರನು ಕಡಿಮೆಯಾಗುವುದಿಲ್ಲ. ಆ ಕೊನೆಯ ಚಿಗರಿಯನ್ನೂ ಹುಡುಕಿ ಕೊಲ್ಲುವಷ್ಟು ನಾಯಿಗಳನ್ನು ಊರು ಸಾಕಿಟ್ಟಿರುವುದು. ಒಂದು ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ಹೊಟ್ಟೆ ತುಂಬ ಅನ್ನವಿದ್ದಲ್ಲಿ ಅದು ವರುಷಕ್ಕೆ ಎರಡು ಸಲ ಮರಿ ಹಾಕಬಲ್ಲುದು.

ನಾಯಿ ಈ ನಾಡಿಗೆ ಹೊಸದಲ್ಲ. ಸಾವಿರಾರು ವರುಷಗಳಿಂದ ಮನುಷ್ಯನ ಬೆನ್ನಿಗೆ ಬಿದ್ದು ಬಂದ ಬಂಧು ಅದು. ಶರಣಪರಂಪರೆಯೂ ನಾಯಿಯನ್ನು ಕೀಳೆಂದು ಕಂಡುದಿಲ್ಲ. ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನು ಓದಿಸಿದರೆಂಬ ಕಥೆಯನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿರುವರು. ಆದರೆ ಊರಿನಲ್ಲಿ ನಾಯಿಗೆ ಎಡೆಯಿರುವುದು ಬೇರೆ, ಬಯಲಿನಲ್ಲಿ ಅದು ಬೇಟೆಗಾರನಾಗಿ ನಿಲ್ಲುವುದು ಬೇರೆ. ಬಯಲಿಗೆ ಅದನ್ನು ಕರೆತಂದವನು ಮನುಷ್ಯನು.

ಒಂದು ಪ್ರಾಣಿಯನ್ನು ಅದರದಲ್ಲದ ತಾಣಕ್ಕೆ ತಂದುಬಿಟ್ಟು, ಆಮೇಲೆ ಪಶ್ಚಾತ್ತಾಪ ಪಟ್ಟ ಕಥೆಗಳು ಜಗತ್ತಿನಲ್ಲಿ ಹಲವು. ಅವುಗಳಲ್ಲೊಂದು ನಮ್ಮ ನಾಡಿನ ಮುಂಗುಸಿಯದು. ಹಾವಿನಿಂದ ಕೂಸನ್ನು ಕಾಪಾಡಿದ ಪಂಚತಂತ್ರದ ಮುಂಗುಸಿಯನ್ನು ಅರಿಯದವರಾರು? 1872ರಲ್ಲಿ ಜಮೈಕಾ ದ್ವೀಪದ ಕಬ್ಬಿನ ತೋಟದವನೊಬ್ಬನು ಇಲಿಗಳ ಹಾವಳಿ ತಡೆಯಲೆಂದು ಕಲಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ತರಿಸಿದನು. ಅವು ಬೆಳೆದು ಹಬ್ಬಿದವು. ಅವುಗಳ ಸಂತತಿಯಿಂದ 1883ರಲ್ಲಿ 72 ಮುಂಗುಸಿಗಳು ಹವಾಯಿ ದ್ವೀಪಕ್ಕೆ ಹೋದವು. ಇಲಿ ತಿರುಗುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು! ಇಲಿಗಳು ಅಳಿಯಲಿಲ್ಲ, ನೆಲದ ಮೇಲೆ ಗೂಡು ಕಟ್ಟುವ ಆ ದ್ವೀಪಗಳ ಹಕ್ಕಿಗಳಿಗೆ ಆಪತ್ತು ಬಂದಿತು.

ಜಪಾನ ದೇಶದ ಅಮಾಮಿ ಎಂಬ ದ್ವೀಪದಲ್ಲಿಯೂ ಹೀಗೆಯೇ ಆಯಿತು. ವಿಷದ ಹಾವುಗಳನ್ನು ಕೊಲ್ಲಲೆಂದು 1979ರಲ್ಲಿ ಅಲ್ಲಿ ಸುಮಾರು 30 ಮುಂಗುಸಿಗಳನ್ನು ಬಿಟ್ಟರು. ಅವು ಹಾವುಗಳಿಗಿಂತ ಹೆಚ್ಚಾಗಿ, ಜಗತ್ತಿನಲ್ಲಿ ಬಹು ಅಪರೂಪವಾದ ಅಲ್ಲಿನ ಕಪ್ಪುಮೊಲಗಳನ್ನೂ ಇತರ ಜೀವಿಗಳನ್ನೂ ತಿಂದವು. ಸರಕಾರ ಎಚ್ಚೆತ್ತು ಬೋನುಗಳನ್ನಿರಿಸಿ, ವಾಸನೆ ಹಿಡಿಯಲು ಕಲಿಸಿದ ನಾಯಿಗಳ ನೆರವಿನಿಂದ ಅವುಗಳನ್ನು ಹುಡುಕಿಸಿತು. ಕೊನೆಯ ಮುಂಗುಸಿ ಸಿಕ್ಕಿದ್ದು 2018ರಲ್ಲಿ. ದ್ವೀಪದಲ್ಲಿ ಮುಂಗುಸಿ ಉಳಿದಿಲ್ಲವೆಂದು ಘೋಷಿಸಿದ್ದು 2024ರ ಸೆಪ್ಟೆಂಬರಿನಲ್ಲಿ. ಮೂವತ್ತು ಪ್ರಾಣಿಗಳನ್ನು ಬಿಡಲು ಒಂದು ದಿನ ಸಾಕಾಯಿತು. ಅದನ್ನು ಸರಿಪಡಿಸಲು ದಶಕಗಳೇ ಬೇಕಾದವು. ಸತ್ತ ಮುಂಗುಸಿಗಳ ಪಾಪ ಯಾರಿಗೆ? ತನ್ನ ಹೊಟ್ಟೆಪಾಡನ್ನು ನೋಡಿಕೊಂಡ ಮುಂಗುಸಿಯದಂತೂ ತಪ್ಪಲ್ಲ. ವಿಚಾರ ಮಾಡದೆ ತಂದುಬಿಟ್ಟವರ ತಪ್ಪಿಗೆ ಎರಡು ಬಗೆಯ ಪ್ರಾಣಿಗಳು ಬೆಲೆ ತೆತ್ತವು.

ನ್ಯೂಜಿಲೆಂಡಿನ ವೈತಾಂಗಿ ಎಂಬ ಕಾಡಿನಲ್ಲಿ 1987ರಲ್ಲಿ ನಡೆದ ಸಂಗತಿಯು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ಅಲ್ಲಿನ ಕಿವಿ ಹಕ್ಕಿಗೆ ಹಾರಲು ಬಾರದು. ಅಧ್ಯಯನಕ್ಕಾಗಿ 24 ಹಕ್ಕಿಗಳಿಗೆ ಸಣ್ಣ ರೇಡಿಯೋ ಯಂತ್ರ ಕಟ್ಟಿದ್ದರು. ಒಂದರ ಹಿಂದೊಂದರಂತೆ 13 ಹಕ್ಕಿಗಳು ಸತ್ತವು. ಕೊಂದುದು ಯಾರೋ ಕಾಡಿನಲ್ಲಿ ಬಿಟ್ಟುಹೋಗಿದ್ದ ಒಂದೇ ಒಂದು ಜರ್ಮನ್ ಶೆಫರ್ಡ್ ನಾಯಿ. ಆ ಕಾಡಿನಲ್ಲಿದ್ದ ಸುಮಾರು 900 ಕಿವಿ ಹಕ್ಕಿಗಳಲ್ಲಿ 500ರಷ್ಟನ್ನು ಅದು ಕೆಲವೇ ವಾರಗಳಲ್ಲಿ ಕೊಂದಿರಬಹುದೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಹಸಿವಿಗೆ ಅಷ್ಟು ಹಕ್ಕಿಗಳು ಬೇಕಿರಲಿಲ್ಲ. ಅಟ್ಟಿ ಹಿಡಿಯುವ ಸ್ವಭಾವವೇ ಅದರಿಂದ ಅದನ್ನು ಮಾಡಿಸಿತು.

ಇವೆಲ್ಲ ಪರದೇಶದ ಮಾತಾಯಿತೆಂದು ಯಾರೂ ತಿಳಿಯಬೇಕಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಬೀದಿನಾಯಿಗಳ ಸಂಖ್ಯೆ ಸುಮಾರು 1.53 ಕೋಟಿ, ಕರ್ನಾಟಕದಲ್ಲಿಯೇ 11.4 ಲಕ್ಷದಷ್ಟು. ನಮ್ಮ ದೇಶದಲ್ಲಿ ನಾಯಿಗಳಿಂದ ವನ್ಯಜೀವಿಗಳಿಗೆ ಆಗುತ್ತಿರುವ ಹಾನಿಯನ್ನು ಕುರಿತು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸಂಗಡಿಗರೊಂದಿಗೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನಾಯಿಗಳ ದಾಳಿಗೆ ಗುರಿಯಾದ 80 ಬಗೆಯ ಪ್ರಾಣಿಪಕ್ಷಿಗಳನ್ನು ಅದು ಗುರುತಿಸಿತು. ಅವುಗಳಲ್ಲಿ 31 ಬಗೆಯವು ಅಳಿವಿನ ಭಯದಲ್ಲಿರುವಂಥವು.

ನಮ್ಮ ಎರೆನೆಲದ ಎರೆಭೂತ ಹಕ್ಕಿಯನ್ನೇ ನೋಡಿರಿ. ಒಂದು ಕಾಲಕ್ಕೆ ದಖ್ಖಣದ ಬಯಲುಗಳಲ್ಲಿ ಕಾಣುತ್ತಿದ್ದ ಈ ಹಿರಿಯ ಹಕ್ಕಿಯು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿಯಿತು. ಅದು ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವುದು. ಅದರ ಅಳಿವಿಗೆ ಬೇಟೆ, ಬಯಲಿನ ನಾಶ, ವಿದ್ಯುತ್ ತಂತಿ ಇವೆಲ್ಲ ಕಾರಣಗಳು ನಿಜ. ಆದರೆ ಅಷ್ಟು ಕಡಿಮೆ ಉಳಿದ ಮೇಲೆ ಆ ಒಂದು ಮೊಟ್ಟೆಯನ್ನು ನಾಯಿ ತಿಂದರೆ ಆ ಹಕ್ಕಿಯ ಒಂದು ವರುಷದ ಸಂತತಿಯೇ ಹೋಗಬಹುದು. ತೋಳಕ್ಕೂ ನಾಯಿಯಿಂದ ಕ್ಷೇಮವಿಲ್ಲ. 2023ರಲ್ಲಿ ಪುಣೆಯ ಸಮೀಪದ ಬಯಲಿನಲ್ಲಿ ತೋಳ ಮತ್ತು ನಾಯಿಗಳ ಬೆರಕೆ ಸಂತತಿ ಹುಟ್ಟಿರುವುದು ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಧಾಮ ಮಾಡಿಕೊಂಡಿರುವ ನಮ್ಮ ರಾಜ್ಯಕ್ಕೆ ಇದು ಎಚ್ಚರಿಕೆಯ ಮಾತು. ರೋಗದ ವಿಚಾರವಂತೂ ಬೇರೆಯೇ ಇದೆ. 2018ರಲ್ಲಿ ಗುಜರಾತದ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ತಗುಲಿದ್ದುದು ಊರನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಡಿಸ್ಟೆಂಪರ್ ಎಂಬ ವೈರಾಣು.

ಇನ್ನು ತಾಯಿಯವರ ಪ್ರಶ್ನೆಗೆ ಬರೋಣ. ನಾಯಿಗಳ ಸಂಖ್ಯೆಯನ್ನು ತಡೆಯಬೇಕೆಂಬುದು ಖಂಡಿತ. ಹೇಗೆ ತಡೆಯಬೇಕೆಂಬಲ್ಲಿ ಧರ್ಮದ ವಿಚಾರ ಬರುವುದು.

ಕೆಲವು ಊರುಗಳಲ್ಲಿ ಜನರು ಸಿಟ್ಟಿನಿಂದ ವಿಷವಿಡುವುದುಂಟು. ಇದು ಮೂರು ರೀತಿಯಲ್ಲಿ ತಪ್ಪು. ನರಳಿ ಸಾಯಿಸುವುದು ಕ್ರೌರ್ಯವೆಂಬುದು ಮೊದಲನೆಯದು. ವಿಷಕ್ಕೆ ನಾಯಿ, ನರಿ, ಹದ್ದು, ಆಕಳು ಎಂಬ ಭೇದ ತಿಳಿಯದೆಂಬುದು ಎರಡನೆಯದು. ಯಾವ ವನ್ಯಜೀವಿಗಳನ್ನು ಉಳಿಸಲು ಹೊರಟೆವೋ ಅವೇ ಆ ವಿಷಕ್ಕೆ ಬಲಿಯಾಗುವುವು. ಕಾನೂನಿನಲ್ಲಿ ಅದು ಅಪರಾಧವೆಂಬುದು ಮೂರನೆಯದು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೊಲ್ಲುವ ಇಲ್ಲವೆ ಊನಗೊಳಿಸುವ ದುಷ್ಕೃತ್ಯಕ್ಕೆ ಐದು ವರುಷಗಳವರೆಗೆ ಸೆರೆವಾಸದ ಶಿಕ್ಷೆಯುಂಟು. ಜಪಾನದವರು ದ್ವೀಪದಲ್ಲಿ ಮಾಡಿದುದನ್ನು ನಾವು ಇಲ್ಲಿ ಅನುಸರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅಲ್ಲಿ ಸುತ್ತಲೂ ಸಮುದ್ರ. ಒಮ್ಮೆ ತೆಗೆದರೆ ಮತ್ತೆ ಬಾರದು. ಇಲ್ಲಿ ಒಂದು ಊರಿನ ನಾಯಿಗಳನ್ನು ಕೊಂದರೆ, ತಿಪ್ಪೆಯಲ್ಲಿ ಅನ್ನವಿರುವ ತನಕ ಪಕ್ಕದ ಊರಿನ ನಾಯಿಗಳು ಬಂದು ಆ ತೆರವನ್ನು ತುಂಬುವುವು.

ಉಳಿದಿರುವುದು ಸಂತಾನ ನಿಯಂತ್ರಣ. 2001ರ ನಿಯಮಗಳ ಬದಲಿಗೆ ಕೇಂದ್ರ ಸರಕಾರವು 2023ರ ಮಾರ್ಚಿಯಲ್ಲಿ ಹೊಸ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ಹೊರಡಿಸಿತು. ಈ ಕಾರ್ಯದ ಹೊಣೆಯನ್ನು ಅವು ಸ್ಥಳೀಯ ಸಂಸ್ಥೆಗಳಿಗೆ ವಹಿಸಿರುವುವು. ನಾಯಿಯನ್ನು ಹಿಡಿದು, ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಯ ತುದಿಯಲ್ಲಿ ಗುರುತು ಮಾಡಿ, ಗಾಯ ಮಾಯ್ದ ಮೇಲೆ ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬುದು ಆ ನಿಯಮಗಳ ಸಾರ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿಯೂ ಇದೇ ಕ್ರಮವನ್ನು ಎತ್ತಿಹಿಡಿದು, ರೇಬೀಸ್ ತಗುಲಿದ ಹಾಗೂ ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಹಿಂದಕ್ಕೆ ಬಿಡಬಾರದೆಂದಿತು. ನಾಯಿಗಳಿಗೆ ಆಹಾರ ಹಾಕಲು ಗೊತ್ತಾದ ಸ್ಥಳಗಳನ್ನು ಮಾಡಬೇಕೆಂದಿತು. ಒಂದು ಊರಿನ ಹತ್ತರಲ್ಲಿ ಏಳು ನಾಯಿಗಳಿಗಾದರೂ ಲಸಿಕೆಯಾದರೆ ರೇಬೀಸಿನ ಸರಪಣಿ ಕಡಿಯುವುದೆಂದು ವೈದ್ಯರು ಹೇಳುವರು. ಸಂತಾನಹರಣವೂ ಬಹುಪಾಲು ನಾಯಿಗಳಿಗೆ ಆಗದಿದ್ದರೆ ಫಲ ಕಾಣದು. ಹತ್ತರಲ್ಲಿ ಎರಡಕ್ಕೆ ಮಾಡಿಸಿ ಕೈಬಿಟ್ಟರೆ ಉಳಿದ ಎಂಟು ಅದನ್ನು ತುಂಬಿಬಿಡುವುವು.

ತಾಯಿ, ಅರಿವಳಿಕೆಯಲ್ಲಿ ಮಾಡುವ ಈ ಶಸ್ತ್ರಚಿಕಿತ್ಸೆಯಿಂದ ನಿಮ್ಮ ಬಾಗಿಲಿನ ನಾಯಿಗೆ ಆಗುವ ನೋವು ಕೆಲವೇ ದಿನಗಳದು. ಅದಾಗದಿದ್ದರೆ ಅದು ಹಾಕುವ ಮರಿಗಳಲ್ಲಿ ಬಹಳಷ್ಟು ವರುಷ ತುಂಬುವ ಮೊದಲೇ ಹೆದ್ದಾರಿಯ ಲಾರಿಗಳ ಗಾಲಿಗೆ, ಹಸಿವಿಗೆ, ರೋಗಕ್ಕೆ ಬಲಿಯಾಗುವುವು. ಹುಟ್ಟಿಸಿ ಸಾಯಗೊಡುವುದಕ್ಕಿಂತ ಹುಟ್ಟನ್ನು ತಡೆಯುವುದರಲ್ಲಿ ಕ್ರೌರ್ಯ ಕಡಿಮೆಯೆಂದೇ ನಾವು ತಿಳಿದಿರುವೆವು. ಹಿಡಿಯುವವರು ಬಂದಾಗ ನಾಯಿಗಳು ಬೆದರಿ ಓಡುವುವು. ನಿಮ್ಮಂಥ ಪರಿಚಿತರು ಕರೆದರೆ ಹತ್ತಿರ ಬರುವುವು. ಆದುದರಿಂದ ಈ ಕಾರ್ಯಕ್ಕೆ ನಿಮಗಿಂತ ಒಳ್ಳೆಯ ಸಹಾಯಕರು ಪಂಚಾಯಿತಿಗೆ ಸಿಗಲಾರರು. ಶಸ್ತ್ರಚಿಕಿತ್ಸೆ ಸರಿಯಾಗಿ ನಡೆಯುವುದೋ, ಗಾಯ ಮಾಯುವ ತನಕ ಆರೈಕೆ ದೊರೆಯುವುದೋ ಎಂದು ಕೇಳುವ ಹಕ್ಕೂ ನಿಮಗುಂಟು, ಕೇಳಿರಿ.

ಆದರೆ ಒಂದು ಮಾತನ್ನು ಮರೆಮಾಚಬಾರದು. ಶಸ್ತ್ರಚಿಕಿತ್ಸೆಯಾದ ನಾಯಿಯೂ ಚಿಗರಿಯ ಮರಿಯನ್ನು ಕಂಡರೆ ಅಟ್ಟುವುದು. ಸಂಖ್ಯೆ ಇಳಿಯಲು ವರುಷಗಳೇ ಹಿಡಿಯುವುವು. ಈ ನಡುವೆ ಬಯಲಿನ ಜೀವಿಗಳನ್ನು ಉಳಿಸುವ ಕೆಲಸವು ಸರಕಾರದ ಕೈಯಲ್ಲಿಲ್ಲ, ನಮ್ಮ ಅಡುಗೆಮನೆಯಲ್ಲಿದೆ. ಹೊಲಗಾವಲಿಗೆ ನಾಯಿ ಸಾಕಿದವರು ರಾತ್ರಿ ಅದನ್ನು ಕಟ್ಟಬೇಕು, ಲಸಿಕೆ ಹಾಕಿಸಬೇಕು, ಹುಟ್ಟಿದ ಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವ ಕೆಟ್ಟ ಚಾಳಿಯನ್ನು ಬಿಡಬೇಕು. ನಾಯಿ ಕಚ್ಚಿದರೆ ಅರಿಷಿಣ, ಮಂತ್ರ, ತಾಯಿತವೆಂದು ಕಾಲ ಕಳೆಯದೆ, ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು.

ರೈತರಾದ ಬಂಧುಗಳು ಇಲ್ಲಿ ನಮ್ಮನ್ನು ತಡೆದು ಕೇಳಬಹುದು: "ಚಿಗರಿಗಳು ನಮ್ಮ ತೊಗರಿ, ಕಡಲೆ, ಸೋಯಾ ಮೊಳಕೆಗಳನ್ನು ತಿಂದು ಹಾಕುತ್ತಿವೆ. ನಾಯಿಗಳು ಕೊಂದರೆ ನಮಗೇನು ನಷ್ಟ?" ಅವರ ಸಂಕಟ ಸುಳ್ಳಲ್ಲ. ಸಾಲ ಮಾಡಿ ಬಿತ್ತಿದವನ ಹೊಟ್ಟೆಯುರಿಯನ್ನು ಊರಿನಲ್ಲಿ ಕುಳಿತವರು ಹಗುರವಾಗಿ ಕಾಣಬಾರದು. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸುವ ವ್ಯವಸ್ಥೆಯಿದೆ. ಓದುಬರಹ ಬಲ್ಲ ನಮ್ಮ ತರುಣರು ಅದರಲ್ಲಿ ನೆರವಾಗಬೇಕು. ಆದರೆ ನಾಯಿಯು ಹೊಲವನ್ನು ಕಾಯುವ ಸೇವಕನಲ್ಲ. ಅದು ಅಟ್ಟಿದ ಹಿಂಡು ಬೆಳೆಯ ನಡುವೆಯೇ ನುಗ್ಗಿ ತುಳಿದು ಹೋಗುವುದು. ಚಿಗರಿ ಸಿಕ್ಕದ ದಿನ ಅದೇ ನಾಯಿಗಳು ಕುರಿಮರಿ, ಆಡುಮರಿಗಳ ಮೇಲೆ ಬೀಳುವುವು. ಹೊಲದ ಹಾದಿಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನೂ ಬಿಡವು.

ಕೊನೆಗೆ ಧರ್ಮದ ಮಾತು. ಶರಣಧರ್ಮದಲ್ಲಿ ದಯೆಗೆ ಮೊದಲ ಸ್ಥಾನವಿದೆ. ಆದರೆ ಅದು ಅರಿವನ್ನು ಬಿಟ್ಟು ಇರುವುದಿಲ್ಲ. ಕಣ್ಣೆದುರಿಗೆ ಬಾಲವಾಡಿಸುವ ನಾಯಿಯ ಹಸಿವು ನಮಗೆ ಕಾಣುವುದು. ಹುಲ್ಲಿನಲ್ಲಿ ಉಸಿರು ಬಿಗಿಹಿಡಿದು ಮಲಗಿದ ಮರಿಯ ಭಯ ಕಾಣದು. ಹಳ್ಳದ ದಂಡೆಗೆ ಅನ್ನ ಹಾಕಿಸಿದ ನಮಗೆ ದಯೆಯಿರಲಿಲ್ಲವೆಂದಲ್ಲ. ಆ ಅನ್ನವು ಯಾರನ್ನು ಸಾಕುವುದು, ಸಾಕಿಸಿಕೊಂಡವರು ಯಾರನ್ನು ಕೊಲ್ಲುವರು ಎಂದು ವಿಚಾರಿಸುವ ಅರಿವಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಉಳಿದ ಅನ್ನವನ್ನು ಕಣ್ಮರೆ ಮಾಡುವ ಅವಸರಕ್ಕೆ ನಾವು ದಯೆಯೆಂಬ ಹೆಸರಿಟ್ಟಿದ್ದೆವು.

ಅದಕ್ಕೆ ಪರಿಹಾರವು ನಮ್ಮ ಮನೆಯಲ್ಲಿಯೇ ಇದ್ದಿತು. ಬಾಲ್ಯದಲ್ಲಿ ನಾವು ಓದಿದ ಮಠದಲ್ಲಿ ತಟ್ಟೆಯಲ್ಲಿ ಒಂದು ಅಗುಳೂ ಉಳಿಯಬಾರದೆಂಬ ಕಟ್ಟಳೆಯಿತ್ತು. ಪ್ರಸಾದವನ್ನು ಕೆಡಿಸಬಾರದು, ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಮರೆತ ದಿನ ನಮ್ಮ ಗುರುಗಳು ಬೈಯುತ್ತಿರಲಿಲ್ಲ. ನಮ್ಮ ಪಕ್ಕದಲ್ಲಿ ಬಂದು ಕುಳಿತು, ನಾವು ಉಂಡು ಮುಗಿಸುವ ತನಕ ಮೌನವಾಗಿರುತ್ತಿದ್ದರು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂದು ಬಾಯಿಪಾಠ ಹೇಳುವ ನಾವು, ಮದುವೆ ಜವಳಗಳಲ್ಲಿ ಎಲೆಯ ತುಂಬ ಬಡಿಸಿಸಿಕೊಂಡು ಅರ್ಧ ಬಿಟ್ಟು ಏಳುವುದು ಯಾವ ಆಚಾರ? ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದುಂಟು. ಅದು ಭೂಮಿತಾಯಿಗೆ ಸಲ್ಲುವ ಒಂದು ಹಿಡಿ. ಟ್ರ್ಯಾಕ್ಟರಿನಲ್ಲಿ ತುಂಬಿ ಊರಾಚೆ ಸುರಿಯುವ ಮದುವೆಯ ಅನ್ನವನ್ನು ಅದರೊಡನೆ ಹೋಲಿಸಲಾಗದು. ದಾಸೋಹವೆಂದರೆ ಉಣ್ಣುವವನನ್ನು ಅರಿತು, ಅವನ ಹೊಣೆ ಹೊತ್ತು ಉಣಿಸುವುದು.

ಆ ಘಟನೆಯ ಮರುವರುಷದ ಶ್ರಾವಣದಲ್ಲಿ ನಾವು ಮಾಡಿದುದಿಷ್ಟೇ. ಸಂಜೆ ಪ್ರವಚನಕ್ಕೆ ಕುಳಿತವರ ತಲೆ ಎಣಿಸಿ ಅಕ್ಕಿ ಅಳೆಯುವಂತೆ ಮಾಡಿದೆವು. ಆದರೂ ಉಳಿದ ಅಡುಗೆಯನ್ನು ಅದೇ ರಾತ್ರಿ ಅಗತ್ಯವಿದ್ದವರ ಮನೆಗಳಿಗೆ ಮುಟ್ಟಿಸಿದೆವು. ಎಂಜಲಿಗೆ ಮಠದ ಹಿತ್ತಿಲಲ್ಲಿಯೇ ತಗ್ಗು ತೋಡಿಸಿ, ಮಣ್ಣು ಮುಚ್ಚಿ ಗೊಬ್ಬರ ಮಾಡಿಸಿದೆವು. ಮಠದ ಅಂಗಳವನ್ನೇ ನಂಬಿದ್ದ ನಾಲ್ಕು ನಾಯಿಗಳನ್ನು ಪಶುವೈದ್ಯರಲ್ಲಿಗೆ ಒಯ್ದು ಲಸಿಕೆ, ಶಸ್ತ್ರಚಿಕಿತ್ಸೆ ಮಾಡಿಸಿ ಅವುಗಳ ಊಟದ ಹೊಣೆ ಹೊತ್ತೆವು. ಉಳಿದವು ತಮ್ಮ ಊರುಗಳ ದಾರಿ ಹಿಡಿದವು. ಹಳ್ಳದ ಆಚೆಯ ಬಯಲಿನಲ್ಲಿ ನಾಯಿಗಳು ಪೂರ್ತಿ ಇಲ್ಲವಾದವೆಂದು ಹೇಳಲಾರೆವು. ಆ ಕುರಿಯ ಹುಡುಗನನ್ನು ಮತ್ತೆ ಕಂಡು ಕೇಳಿದಾಗ, "ಈಗ ದಿನಾ ಬರಂಗಿಲ್ರಿ" ಎಂದನು. ನಮ್ಮ ಪಾಲಿಗೆ ಅಷ್ಟು ಸಾಕಾಯಿತು.

ತಾಯಿ, ನೀವು ರೊಟ್ಟಿ ಹಾಕುವುದನ್ನು ನಿಲ್ಲಿಸಬೇಕೆಂದು ನಾವು ಹೇಳೆವು. ನಾಲ್ಕಕ್ಕೆ ಹಾಕುವಿರಾದರೆ ಆ ನಾಲ್ಕರ ಹೊಣೆಯನ್ನೂ ಹೊರಿರಿ. ಅವುಗಳ ಕಿವಿಯಲ್ಲಿ ಶಸ್ತ್ರಚಿಕಿತ್ಸೆಯ ಗುರುತಿರಲಿ, ಮೈಯಲ್ಲಿ ಲಸಿಕೆಯಿರಲಿ. ರಾತ್ರಿ ಅವು ನಿಮ್ಮ ಅಂಗಳದಲ್ಲಿ ಮಲಗಲಿ. ನಿಮ್ಮ ಮನೆಯ ಮುಂದಿನ ಮದುವೆಯ ಊಟಕ್ಕೆ ಎಣಿಸಿ ಅಡುಗೆ ಮಾಡಿಸಿರಿ. ಇಷ್ಟು ನಡೆದರೆ ನಿಮ್ಮ ದಯೆಯು ಬಾಗಿಲಿನ ನಾಯಿಗೂ ಗಾಯರಾಣದ ಚಿಗರಿಗೂ ತಪ್ಪದೆ ಮುಟ್ಟುವುದು.